ಲಡ್ಡು ಡಬ್ಬ ಹಿಡ್ಕಂಡು ನಿಂತ್ಕಳಕ್ಕೆ ನಮ್ಮ ಪುಟ್ಟಿ ಬರಲ್ಲ

ಮೊನ್ನೆ ಭಾನ್ವಾರ ನಮ್ಮ ಹಟ್ಟಿ ಜಗಲಿ ಮೇಲೆ ಹೈಕ್ಳು ಹೊಡೆದಾಡಿದ್ದ ನೋಡ್ಕಂಡು ನೀವೆಲ್ಲ ನಕ್ಕೊಂಡು ಹೋದ್ರಿ. ನಕ್ಕಿದ್ದಕ್ಕೆ ನಂಗೇನೂ ಬೇಜಾರಿಲ್ಲ. ಆದ್ರೆ ನಮ್ಮ ದೊಡ್ಡ ಓರಗಿತ್ತಿ ಸೆರಗು ಕೊಡವ್ಕಂಡು ಎದ್ದು ಹೋಗುವಾಗ ಒಂದು ಮಾತು ಅಂದ್ರು: “ಯಾವ ಭೀಮ ಆದ್ರೇನವ್ವ, ಎಲ್ಲಾ ಬೊಂಬೆ. ಆ ಟೀವಿ ವೈರು ಕಿತ್ತಾಕು, ಜಗಳ ತಾನೇ ನಿಂತೋಯ್ತದೆ.” ಆಗ ಉತ್ರ ಕೊಡಾನ ಅಂದ್ರೆ ಕೈಲಿ ಹಿಟ್ಟಿನ ಕೋಲಿತ್ತು, ಒಲೆ ಮೇಲೆ ಎಸರು ಕುದೀತಿತ್ತು. ಈಗ ಕೆಲ್ಸ ಮುಗಿಸಿ ಕುಂತಿವ್ನಿ. ಅಕ್ಕ, ನಿಮ್ಮ ಮೇಲೆ ಕ್ವಾಪ ಇಲ್ಲ, ಆದ್ರೆ ನೀವು ಅಂದಿದ್ದು ತಪ್ಪು.

ಜಗಳ ಏನು ಅಂತ ಅರ್ಧ ಜನಕ್ಕೆ ಗೊತ್ತಿಲ್ಲ, ಅದ್ಕೆ ಹೇಳ್ಬುಡ್ತಿನಿ. ದಸರಾ ರಜಕ್ಕೆ ಬೆಂಗ್ಳೂರಿಂದ ಬಂದಿದ್ದ ಭಾವನ ಮೊಮ್ಮಗ, “ಮೊದಲನೇ ಛೋಟಾ ಭೀಮನೇ ಅಸಲಿ, ಮಿಕ್ಕಿದ್ದೆಲ್ಲ ಡೂಪ್ಲಿಕೇಟು” ಅಂದ. ಮೈದುನನ ಮಗ, “ಹೋಗ್ಲಾ, ಸೂಪರ್ ಭೀಮನ ಮುಂದೆ ನಿಮ್ಮ ಭೀಮ ಯಾವ ಲೆಕ್ಕ, ನಮ್ಮಂವ ಹಾರ್ತನೆ” ಅಂದ. ಇವೆರಡೂ ರಿಮೋಟ್ ಹಿಡ್ಕಂಡು ಎಳೆದಾಡಿ, ಸೆಲ್ಲು ಹಾರೋಗಿ ಕೊಟ್ಟಿಗೆ ಮೂಲೆ ಸೇರ್ಕತು. ಒಂದೂವರೆ ವರ್ಷದ ಕೂಸು ಮಾತ್ರ ಮೊಬೈಲ್‌ನಾಗೆ ಅಂಬೆಗಾಲಿಡೋ ಭೀಮನ್ನ ನೋಡ್ಕಂಡು ತನ್ನ ಪಾಡಿಗೆ ತಾನು ಜೊಲ್ಲು ಸುರಿಸ್ತಾ ಕುಂತಿತ್ತು. ಮೂರು ಹೈಕ್ಳು, ಮೂರು ಭೀಮ.

ಇದ್ರ ಹಿಂದೆ ಮುಂದೆ ನಾನೂ ವಸಿ ತಿಳ್ಕಂಡೆ. ಹೈದರಾಬಾದ್‌ನ ಗ್ರೀನ್ ಗೋಲ್ಡ್ ಅನ್ನೋ ಕಂಪನಿ, ಅದ್ರ ಯಜಮಾನ ರಾಜೀವ್ ಚಿಲಕ. 2008ರಾಗೆ ಪೋಗೋ ಚಾನೆಲ್‌ನಲ್ಲಿ ಮೊದಲನೇ ಭೀಮ ಬಂದ. ಢೋಲಕ್‌ಪುರ ಅಂತ ಊರು, ಇಂದ್ರವರ್ಮ ಅಂತ ರಾಜ, ಇಂದುಮತಿ ಅಂತ ಮಗಳು, ಜಗ್ಗು ಅಂತ ಕೋತಿ, ರಾಜು ಅಂತ ಪುಟ್ಟ ಹೈದ, ಕಾಲಿಯ ಅಂತ ಸೊಕ್ಕಿನಂವ. ಲಡ್ಡು ತಿಂದ್ರೆ ಭೀಮನ ತೋಳು ಉಬ್ಬತದೆ, ಆಮೇಲೆ ಎದುರಾಳಿ ಮಣ್ಣು ಮುಕ್ಕತನೆ. ಕಥೆ ಅಷ್ಟೇ. 2012ರಾಗೆ ‘ಕರ್ಸ್ ಆಫ್ ದಮ್ಯಾನ್’ ಅಂತ ಇದೇ ಬೊಂಬೆ ಭೀಮನ ಸಿನಿಮಾ ಬಂತು. ಅದೇ ಕಥೇನ 2024ರಾಗೆ ನಿಜವಾದ ಹೈಕ್ಳನ್ನ ಮಡೀಕಂಡು ಇನ್ನೊಂದ್ ಸಲ ತೆಗುದ್ರು, ಅನುಪಮ್ ಖೇರ್ ಕೂಡ ಅದರಾಗವ್ನೆ. ನಡುವೆ ಸೂಪರ್ ಭೀಮ ಬಂದ. 2019ರ ಏಪ್ರಿಲ್‌ನಾಗೆ ನೆಟ್‌ಫ್ಲಿಕ್ಸ್‌ನಲ್ಲಿ ‘ಮೈಟಿ ಲಿಟಲ್ ಭೀಮ್’ ಬಂತು. ಅದರಾಗೆ ಭೀಮ ಇನ್ನೂ ತೊಟ್ಲು ಬುಟ್ಟು ಈಚೆ ಬಂದಿರೋ ಕೂಸು, ಮಾತೇ ಇಲ್ಲ.

ಹಂಗಾದ್ರೆ ಅಸಲಿ ಯಾವುದು? ಬೆಂಗ್ಳೂರು ಹೈದ “ಮೊದಲು ಬಂದಿದ್ದೇ ಅಸಲಿ” ಅಂತ ಕುಣೀತನಲ್ಲ, ಅಂವನಿಗೆ ನಾನು ಕೇಳ್ದೆ: “ಲೋ ಮಗ, ನಿಮ್ಮ ಭೀಮನ ಅವ್ವ ಕುಂತಿ ಎಲ್ಲೋ? ಧರ್ಮರಾಯ ಎಲ್ಲೋ? ಅರ್ಜುನ ಎಲ್ಲೋ?” ತಬ್ಬಿಬ್ಬಾದ. ಭೀಮನ ಹೆಸ್ರು ಇಸ್ಕಂಡು, ಅಣ್ಣತಮ್ಮಂದ್ರನ್ನ ಬುಟ್ಟು, ಹೊಸ ಊರು ಕಟ್ಟಿ ಕುಂಡ್ರಿಸಿದೋನೇ ಮೊದಲನೇ ಭೀಮ. ಮೊದಲು ಬಂದಿದ್ದಕ್ಕೆ ದೊಡ್ಡಸ್ತಿಕೆ ಕೊಡ್ಬೇಕು ಅಂದ್ರೆ ಹೈದರಾಬಾದ್ ತಂಕ ಹೋಗೋದೇನು, ವ್ಯಾಸರ ತಾವ್ಕೇ ಹೋಗ್ಬೇಕು. ಅಲ್ಗೆ ಹೋದ್ರೂ ಜಗಳ ತೀರಲ್ಲ. ನಮ್ಮ ಕನ್ನಡದೋರೆ ನೋಡಿ. ಪಂಪ ಅರ್ಜುನನ್ನ ಹೀರೋ ಮಾಡಿ, ದ್ರೌಪದಿನ ಅವನೊಬ್ಬನಿಗೇ ಹೆಂಡ್ತಿ ಮಾಡ್ಬುಟ್ಟ. ರನ್ನ ಬಂದು ಗದೆ ಎತ್ತಿ ಭೀಮನ ಕೈಗೆ ಕೊಟ್ಟು ಅವನನ್ನೇ ನಾಯಕ ಅಂದ. ಕುಮಾರವ್ಯಾಸ ಬಂದು ಕೃಷ್ಣನ ಕಥೆ ಅಂದ. ಮೂವರನ್ನೂ ಕನ್ನಡದ ಮೇಷ್ಟ್ರುಗಳು ತಲೆ ಮೇಲೆ ಹೊತ್ಕಂಡವ್ರೆ. ಅಲ್ಲಿ ಅಸಲಿ ನಕಲಿ ಅನ್ನೋ ಮಾತೇ ಬರಲ್ಲ, ಹೈಕ್ಳ ಬೊಂಬೆಗೆ ಮಾತ್ರ ಯಾಕೆ ಬರ್ಬೇಕು?

ಪುಸ್ತಕದ ಮಾತು ಬ್ಯಾಡ ಅಂದ್ರೆ ಜಿಲ್ಲೆ ಒಳಗೇ ನೋಡಿ. ಮದ್ದೂರಿಗೆ ಹೋದ್ರೆ ನರಸಿಂಹಸ್ವಾಮಿ ಉಗ್ರ, ಹಿರಣ್ಯಕಶಿಪುನ ತೊಡೆ ಮೇಲೆ ಹಾಕ್ಕಂಡು ಸೀಳ್ತವ್ನೆ. ಮೇಲುಕೋಟೆ ಬೆಟ್ಟ ಹತ್ತಿದ್ರೆ ಅದೇ ಸ್ವಾಮಿ ಯೋಗಕ್ಕೆ ಕುಂತವ್ನೆ. ಎರಡು ಕಡೆಗೂ ಕಾಯಿ ಒಡೆಸ್ಕಂಡು ಬತ್ತೀವಿ. “ಇದ್ರಲ್ಲಿ ಡೂಪ್ಲಿಕೇಟ್ ಯಾವುದು” ಅಂತ ಯಾರಾದ್ರೂ ಕೇಳಿದ್ದೀರಾ?

ಇನ್ನೂ ಹತ್ರ ಬರೋಣ. ನಮ್ಮ ಮಳವಳ್ಳಿ ಸೀಮೆಗೆ ನಮ್ಮದೇ ಆದ ಸೂಪರ್ ಹೀರೋ ಇಲ್ವಾ? ನಿಡಘಟ್ಟದ ಆಚಾರ್ರ ಮನೆ ಹೈದ ಕೆಂಪಾಚಾರಿ, ಮಂಟೇಸ್ವಾಮಿಯೋರ ಶಿಷ್ಯ ಆಗಿ ಸಿದ್ದಪ್ಪಾಜಿ ಆದ. ಹಲಗೂರಿನ ಪಾಂಚಾಳರ ತಾವ ಕಬ್ಬಿಣದ ಭಿಕ್ಷೆ ಬೇಡಕ್ಕೆ ಹೋಗಿ ಪವಾಡ ಗೆದ್ದ. ಬೊಪ್ಪೇಗೌಡನಪುರದ ಮಠ ನಮಗೆ ದೂರವಾ? ನೀಲಗಾರರು ತಂಬೂರಿ ಹಿಡ್ದು ಹಾಡಕ್ಕೆ ಕುಂತ್ರೆ, ಒಬ್ಬ ಹಲಗೂರು ಸಾಲು ಬೆಳಗಾನ ಎಳೀತನೆ, ಇನ್ನೊಬ್ಬ ಗಳಿಗೇಲಿ ಮುಗ್ಸಿ ಚಿಕ್ಕಲ್ಲೂರಿಗೆ ಹೋಗ್ಬುಡ್ತನೆ. ಒಬ್ಬನ ಬಾಯಲ್ಲಿ ಮುದ್ದಮ್ಮ ಮಗನಿಗೋಸ್ಕರ ಅಳೋದೇ ಒಂದೊತ್ತು. ನಮ್ಮತ್ತೆ ಆ ಅಳೋ ಕಡೇನೇ ಕಾಯ್ಕಂಡಿರೋರು, ನಮ್ಮ ಮಾವನಿಗೆ ಪವಾಡ ಬೇಕು. ಗಂಡ ಹೆಂಡ್ತಿ ಇಬ್ರೂ ಅದೇ ರಾತ್ರಿ ಬೇರೆ ಬೇರೆ ಕಥೆ ಕೇಳ್ಕಂಡು ಬರೋರು. ಬಂದ್ಮೇಲೆ ಒಲೆ ಮುಂದೆ ವಾದ ಮಾಡೋರು. ಆ ವಾದ ಕೇಳ್ಕಂಡೇ ನಾನು ಮದ್ವೆಯಾದ ಹೊಸದ್ರಲ್ಲಿ ಕಥೆ ಕಲ್ತಿದ್ದು.

ಅದ್ಕೆ ಅಕ್ಕ, ಹೈಕ್ಳು ವಾದ ಮಾಡ್ತವೆ ಅಂದ್ರೆ ಕಥೆ ಒಳಗೆ ಇಳಿದವೆ ಅಂತ. ವೈರು ಕಿತ್ತಾಕಿದ್ರೆ ಜಗಳ ನಿಲ್ಲತದೆ, ನಿಜ. ನೀಲಗಾರರನ್ನ ಓಡ್ಸಿದ್ರೂ ನಮ್ಮತ್ತೆ ಮಾವನ ಜಗಳ ನಿಲ್ತಿತ್ತು.

ನೀವೇನು ಕಮ್ಮಿ? ‘ಮಹಾವತಾರ್ ನರಸಿಂಹ’ ಬಂತಲ್ಲ, 2025ರ ಜುಲೈನಾಗೆ, ನಮ್ಮ ಕೆಜಿಎಫ್ ತೆಗೆದ ಹೊಂಬಾಳೆಯೋರು ಬೆನ್ನಿಗೆ ನಿಂತು ಬಿಟ್ಟ ಬೊಂಬೆ ಸಿನಿಮಾ. ನಾವು ಆರು ಜನ ಹೆಂಗಸ್ರು ಬಸ್ ಹತ್ತಿ ಮೈಸೂರಿಗೆ ಹೋಗಿ ಕನ್ನಡದಲ್ಲೇ ನೋಡ್ಕಂಡು ಬಂದ್ವಲ್ಲ. ಕಂಬ ಸೀಳ್ಕಂಡು ಸ್ವಾಮಿ ಬಂದಾಗ ಎದ್ದು ನಿಂತು ಕೈ ಮುಗ್ದೋರು ಯಾರು, ಹೆಸ್ರು ಹೇಳಲ್ಲ ಬುಡಿ. ವಾಪಸ್ ಬರ್ತಾ ಬಸ್ಸಲ್ಲಿ ಏನು ವಾದ? “ಏನೇ ಆಗ್ಲಿ ಅಣ್ಣಾವ್ರ ಹಿರಣ್ಯಕಶಿಪು ಮುಂದೆ ಇದು ನಿಲ್ಲಲ್ಲ” ಅಂತ ಒಬ್ರು. “ಪ್ರಹ್ಲಾದ ಅಂದ್ರೆ ನಮ್ಮ ಅಪ್ಪುನೇ, ಈ ಬೊಂಬೆ ಮಗೀನ ಕಣ್ಣಲ್ಲಿ ಜೀವ ಇಲ್ಲ” ಅಂತ ಇನ್ನೊಬ್ರು. 1983ರ ‘ಭಕ್ತ ಪ್ರಹ್ಲಾದ’ ಅದು, ರಾಜ್‌ಕುಮಾರ್ ಹಿರಣ್ಯಕಶಿಪು, ಪುನೀತ್ ಪ್ರಹ್ಲಾದ. “ಹೊಸದ್ರಲ್ಲಿ ನರಸಿಂಹ ಚೆನ್ನಾಗವ್ನೆ, ಹಳೇದ್ರಲ್ಲಿ ರಾಕ್ಷಸ ಚೆನ್ನಾಗವ್ನೆ” ಅಂತ ರಾಜಿ ಮಾಡಕ್ಕೆ ಹೋದೋಳು ನಾನು, ನನ್ನ ಬಾಯಿ ಮುಚ್ಚಿಸಿದ್ರಿ. ಆ ಮಹಾವತಾರದೋರು ಪರಶುರಾಮ, ರಾಮ, ಕೃಷ್ಣ, ಕಲ್ಕಿ ಅಂತ 2037ರ ತಂಕ ಏಳು ಸಿನಿಮಾ ತೆಗೀತೀವಿ ಅಂದವ್ರೆ. ಅಲ್ಲೀವರ್ಗೂ ನಮ್ಮ ಮಂಡಿ ಬಸ್ಸಿನ ಮೆಟ್ಲು ಹತ್ತಿದ್ರೆ, ಇದೇ ವಾದ ಇನ್ನೂ ಆರು ಸಲ ಅದೆ. ನಮ್ಮದು ಭಕ್ತಿ, ಹೈಕ್ಳದ್ದು ಹುಚ್ಚಾಟವಾ?

ಹಂಗಂತ ಎಲ್ಲಾ ಭೀಮನೂ ಒಂದೇ ಅಂತ ನಾನು ಹೇಳ್ತಿಲ್ಲ. ಒಂದೇ ಅಲ್ಲ. ನಂಗೂ ಒಂದು ಪಕ್ಷ ಅದೆ. ಯಾವುದು ಮೊದ್ಲು ಬಂತು ಅನ್ನೋದಲ್ಲ ನನ್ನ ಲೆಕ್ಕ. ನೋಡಿ ಎದ್ದ ಹೈಕ್ಳು ಅಂಗಳದಾಗೆ ಏನಾಟ ಆಡ್ತವೆ, ಅದು ನನ್ನ ಲೆಕ್ಕ.

ಸೂಪರ್ ಭೀಮನ್ನ ಮೊದ್ಲು ಮುಗಿಸ್ಬುಡ್ತಿನಿ, ಅವನ ಮೇಲೆ ಜಾಸ್ತಿ ಮಾತಿಲ್ಲ. ಭೀಮನ ಶಕ್ತಿ ಅನ್ನದ್ದು. ಬಕಾಸುರನಿಗೆ ಅಂತ ಹೊಡ್ಕಂಡು ಹೋದ ಗಾಡಿ ಅನ್ನನ ತಾನೇ ಉಂಡು ಆಮೇಲೆ ಎದ್ದಂವ. ಅಂವ ಹಾರಂಗಿದ್ರೆ ಊಟ ಯಾಕೆ? ನಮ್ಮೂರ ಕಡೆ ಕುರುಕ್ಷೇತ್ರ ನಾಟಕ ಆಡುವಾಗ ಭೀಮನ ಪಾರ್ಟು ಯಾರಿಗೆ ಸಿಗತದೆ? ಪಾರ್ಟಿಗೆ ದುಡ್ಡು ಕಟ್ಟಿದ್ರೂ ಕಡ್ಡಿ ಪೈಲ್ವಾನನ್ನ ಭೀಮ ಮಾಡಲ್ಲ, ಹೊಟ್ಟೆ ಇರಬೇಕು. ಬಣ್ಣದ ಗದೆ ಹೆಗಲ ಮೇಲೆ ಮಡೀಕಂಡು ಹಾರ್ಮೋನಿಯಂ ಮೇಷ್ಟ್ರ ಕಡೆ ಒಂದ್ ಸಲ ನೋಡಿ ಅಬ್ಬರಿಸಿದ್ರೆ ಹಲಗೆ ನಡುಗಬೇಕು. ಅದು ಭೀಮ. ಮೈದುನನ ಮಗ ಸೂಪರ್ ಭೀಮನ್ನ ನೋಡಿ ಟವಲ್ ಕಟ್ಕಂಡು ಹುಲ್ಲು ಮೆದೆ ಮೇಲಿಂದ ಹಾರಿ ಮೊಣಕೈ ತರಚ್ಕಂಡ, ಅಷ್ಟೇ ಅದ್ರಿಂದ ಬಂದ ಭಾಗ್ಯ.

ಮೊದಲನೇ ಭೀಮನ ಮೇಲೆ ನನ್ನ ತಕರಾರು ದೊಡ್ಡದು. ಅದು ಚುಟ್ಕಿ ಸಮಾಚಾರ.

ನೋಡಿರೋರಿಗೆ ಗೊತ್ತು. ಟುನ್‌ಟುನ್ ಮೌಸಿ ಬೆವರು ಸುರಿಸ್ಕಂಡು ಲಡ್ಡು ಕಟ್ತಳೆ. ಚುಟ್ಕಿ ಆ ಲಡ್ಡು ತಂದು ಭೀಮನಿಗೆ ಕೊಡ್ತಳೆ. ಭೀಮ ತಿಂದು ಗೆಲ್ತನೆ. ಚಪ್ಪಾಳೆ ಅವನಿಗೆ. ಚುಟ್ಕಿ ಧೈರ್ಯವಂತೆ, ಒಂದೊಂದ್ ಸಲ ಹೊಡೆದಾಡ್ತಳೆ, ಇಲ್ಲ ಅನ್ನಲ್ಲ. ಆದ್ರೆ ಕೊನೇ ಏಟು ಯಾರದ್ದು? ಅವನ ಗೆಣೆಕಾರ ರಾಜುಗೆ ‘ಮೈಟಿ ರಾಜು’ ಅಂತ ಬೇರೆ ಕಾರ್ಟೂನೇ ಬಂತು.

2020ರ ಜೂನ್‌ನಾಗೆ, ಲಾಕ್‌ಡೌನ್ ಟೈಮಲ್ಲಿ, ಒಂದು ಸುದ್ದಿ ಎದ್ದಿತ್ತು. ಭೀಮ ಚುಟ್ಕಿನ ಬುಟ್ಟು ರಾಜಕುಮಾರಿ ಇಂದುಮತಿನ ಮದ್ವೆ ಆಗ್ಬುಟ್ಟ ಅಂತ. ದೇಶದ ತುಂಬ ದೊಡ್ಡೋರೇ ‘ಚುಟ್ಕಿಗೆ ನ್ಯಾಯ ಬೇಕು’ ಅಂತ ಮೊಬೈಲ್‌ನಲ್ಲಿ ಬಡ್ಕಂಡ್ರು. ಇಷ್ಟು ವರ್ಷ ಲಡ್ಡು ತಿನ್ಸಿದೋಳನ್ನ ಬುಟ್ಟು ಸಾವ್ಕಾರಿ ಮನೆ ಹೆಣ್ಣ ಕಟ್ಕಂಡ್ನಲ್ಲ ಅಂತ ಹೊಟ್ಟೆ ಉರ್ಕಂಡ್ರು. ಕೊನೆಗೆ ಕಂಪನಿಯೋರೆ ಬಾಯ್ಬುಟ್ಟು, ಅವ್ರಿನ್ನೂ ಹೈಕ್ಳು, ಮದ್ವೆ ಗಿದ್ವೆ ಏನೂ ಆಗಿಲ್ಲ ಅಂತ ಹೇಳ್ಬೇಕಾಯ್ತು. ನಂಗೆ ಆಗ ನಗು ಬಂತು, ಆಮೇಲೆ ಸಿಟ್ಟು ಬಂತು. ಚುಟ್ಕಿಗೆ ನ್ಯಾಯ ಅಂದ್ರೆ ಭೀಮನ್ನ ಕಟ್ಕಳೋದಾ? ಲಡ್ಡು ತಿನ್ಸಿದ್ದಕ್ಕೆ ಕೂಲಿ ಅಂತ ಗಂಡನ್ನ ಕೊಡೋದಾ? ಒಬ್ಬರಾದ್ರೂ “ಅವಳೇ ಒಂದು ಲಡ್ಡು ತಿಂದು ಗದೆ ಎತ್ಲಿ” ಅಂದ್ರಾ? ನನ್ನ ಕಿವಿಗಂತೂ ಬೀಳ್ಲಿಲ್ಲ.

ಇದು ಬೊಂಬೆ ಮಾತಾಗಿದ್ರೆ ನಾನೂ ಸುಮ್ನಿರ್ತಿದ್ದೆ. ಭಾನ್ವಾರ ರಿಮೋಟ್ ಜಗಳ ಮುಗಿದ್ಮೇಲೆ ನೀವೆಲ್ಲ ಹೊಂಟೋದ್ರಿ. ಆಮೇಲೆ ಏನಾಯ್ತು ಗೊತ್ತಾ? ಗಂಡೈಕ್ಳು ರಾಜಿ ಆಗಿ, ಆಟ ಆಡಾನ ಬಾ ಅಂತ ನನ್ನ ಮಗಳ ಮಗಳು ಪುಟ್ಟಿನ ಕರುದ್ರು. ಪುಟ್ಟಿಗೆ ಎಂಟು ವರ್ಷ, ಇಬ್ಬರಿಗಿಂತ್ಲೂ ಗಟ್ಟಿ, ನೀರಿನ ಕೊಡ ಸೊಂಟಕ್ಕೆ ಹಾಕಂಡ್ರೆ ತುಳುಕಲ್ಲ. “ನಾನ್ ಭೀಮ” ಅಂದ್ಲು. ಆ ಬೆಂಗ್ಳೂರು ಹೈದ ಎಷ್ಟು ಸಲೀಸಾಗಿ ಅಂದ ಅಂದ್ರೆ: “ನೀನು ಹುಡ್ಗಿ ಅಲ್ವಾ, ನೀನ್ ಚುಟ್ಕಿ. ಹೋಗಿ ಅಜ್ಜಿ ತಾವ ಲಡ್ಡು ತತ್ತಾ.” ಮೈದುನನ ಮಗ ಹೂಂ ಅಂದ. ಅಸಲಿ ನಕಲಿ ಅಂತ ಕಿತ್ತಾಡಿದ ಇಬ್ರೂ ಈ ಒಂದು ಮಾತ್ಗೆ ಒಂದಾದ್ರು ನೋಡಿ! ಪುಟ್ಟಿ ಬಂದ್ಲು, ನನ್ನ ಸೆರಗು ಹಿಡ್ದು, “ಅಜ್ಜಿ, ಲಡ್ಡು ಇದ್ರೆ ಕೊಡು, ಅವ್ರಿಗೆ ಬೇಕಂತೆ” ಅಂದ್ಲು. ‘ಅವ್ರಿಗೆ’ ಅಂದ್ಲು. ನನಗೂ ಒಂದು ಕೊಡು ಅನ್ನಲೇ ಇಲ್ಲ.

ಈ ಮಾತ ಆ ಸಂಜೆ ಓರಗಿತ್ತಿಗೆ ಹೇಳ್ದೆ. “ಅದ್ರಲ್ಲೇನು ತಪ್ಪು, ನಾವೂ ಬಡಿಸ್ತಿವಲ್ಲ” ಅಂದ್ರು. ಅಕ್ಕ, ಬಡಿಸೋದು ತಪ್ಪು ಅಂತ ಯಾರಂದ್ರು? ನಾನು ಮೂವತ್ತು ವರ್ಷದಿಂದ ಬಡಿಸ್ತಿವ್ನಿ. ಆದ್ರೆ ಆಟದಲ್ಲೂ ಬಡಿಸ್ಬೇಕಾ? ನಾಟಕದಲ್ಲೂ ಹಂಗೇ ಆಯ್ತು ನಮ್ಮ ಪಾಡು. ಊರ ಗಂಡಸ್ರು ದುಡ್ಡು ಕಟ್ಟಿ ದುರ್ಯೋಧನ, ಕರ್ಣ, ಭೀಮ ಆಗ್ತರೆ. ದ್ರೌಪದಿ ಪಾರ್ಟಿಗೆ ಬೇರೆ ಊರಿಂದ ಕಲಾವಿದೆಯೋರನ್ನ ಕರುಸ್ತರೆ. ನಾವು ಚಾಪೆ ಹಾಸ್ಕಂಡು ಬೆಳಗಾನ ನೋಡಿ, ಎದ್ದು ಬಂದು ಅವ್ರಿಗೆ ಕಾಫಿ ಕಾಯ್ಸದು. ಹೈಕ್ಳ ಅಂಗಳದ ಆಟಕ್ಕೆ ದುಡ್ಡಿಲ್ಲ, ಸೀನರಿ ಇಲ್ಲ, ಅಲ್ಲಾದ್ರೂ ನಮ್ಮ ಪುಟ್ಟಿ ಗದೆ ಎತ್ತಲಿ ಬುಡಿ.

ಈ ಲೆಕ್ಕದಲ್ಲಿ ನೋಡಿದ್ರೆ ನನ್ನ ಓಟು ಮಾತೇ ಇಲ್ಲದ ಆ ಕೂಸು ಭೀಮನಿಗೆ. ನಗಬ್ಯಾಡಿ. ಅದರಾಗೆ ಒಬ್ಬಳು ಅವ್ವ ಅವಳೆ. ಕೂಸು ಮಾಡೋ ರಂಪನೆಲ್ಲ ಬಳುದು, ಒರಸಿ, ಹಿಂದೆ ಓಡಿ, ಎತ್ಕಂಡು ಬತ್ತಳೆ. ಅವಳು ಕಣ್ಣಿಗೆ ಬೀಳ್ತಳೆ, ನಮ್ಮ ದಿನದ ಕೆಲ್ಸ ಕಣ್ಣಿಗೆ ಬೀಳ್ತದೆ. ಮಾತಿಲ್ಲದಿದ್ರಿಂದ ನಮ್ಮತ್ತೆಯಿಂದ ಹಿಡ್ದು ಕೂಸಿನ ತಂಕ ಎಲ್ಲರಿಗೂ ಅರ್ಥ ಆಗತದೆ. ಒಂದು ಕೊರತೆ ಮಾತ್ರ ಅದೆ. ಅದರಾಗೆ ಹೋಳಿ ಉಂಟು, ಗಾಳಿಪಟದ ಹಬ್ಬ ಉಂಟು. ಸಂಕ್ರಾಂತಿಗೆ ಗಾಳಿಪಟ ಎಲ್ಲಜ್ಜಿ ಅಂತ ಪುಟ್ಟಿ ಕೇಳ್ತಳೆ. ನಮ್ಮಲ್ಲಿ ಗಾಳಿಪಟ ಆಷಾಢಕ್ಕೆ ಕಣವ್ವ, ಸಂಕ್ರಾಂತಿಗೆ ದನಗಳ ಮೈ ತೊಳ್ದು ಕಿಚ್ಚು ಹಾಯಿಸ್ತಿವಿ ಅಂತ ನಾನು ಹೇಳ್ಬೇಕು. ಹೇಳ್ತಿನಿ, ಅದ್ಕೇ ಅಜ್ಜಿ ಇರೋದು.

ಮಾತಿರೋ ಭೀಮ ಆದ್ರೆ ಅಂವ ಕನ್ನಡ ಮಾತಾಡ್ಬೇಕು, ಇದು ನನ್ನ ಹಟ. ನಮ್ಮ ಹೈಕ್ಳು ಬಿದ್ರೆ “ಅಯ್ಯೋ” ಅನ್ನದೆ “ಬಚಾವೋ” ಅಂತವೆ. ಅವುಗಳ ತಪ್ಪಲ್ಲ. 1960ರ ಕಾಲದಿಂದ ಕನ್ನಡಕ್ಕೆ ಡಬ್ಬಿಂಗ್ ಬ್ಯಾಡ ಅಂತ ಕಟ್ಟು ಮಾಡಿದ್ರು. ಅವತ್ತು ಕನ್ನಡ ಸಿನಿಮಾ ಉಳೀಬೇಕಿತ್ತು, ದೊಡ್ಡೋರು ನಿಂತು ಮಾಡಿದ್ದು, ತಪ್ಪು ಅನ್ನಲ್ಲ. ಆದ್ರೆ ಆ ಕಟ್ಟಿನ ಬಿಸಿ ತಟ್ಟಿದ್ದು ಹೈಕ್ಳಿಗೆ. 2009ರಾಗೆ ಚಿಂಟು ಟೀವಿ ಬಂದು ಡೋರಾ ಕನ್ನಡ ಮಾತಾಡಿದಾಗ ನನ್ನ ಮಗಳು ಟೀವಿ ಮುಂದೆ ಕುಂತು ಅವಳಿಗೆ ದಾರಿ ತೋರ್ಸಿದ್ದೇ ತೋರ್ಸಿದ್ದು. ಡಬ್ಬಿಂಗ್ ತಡೆಯೋದು ಕಾನೂನಿಗೆ ಸರಿ ಬರಲ್ಲ ಅಂತ 2015ರಾಗೆ ಸ್ಪರ್ಧಾ ಆಯೋಗ ಆದೇಶ ಮಾಡ್ತು. 2020ರ ಲಾಕ್‌ಡೌನ್‌ನಾಗೆ ಸುವರ್ಣದಲ್ಲಿ ಹಿಂದಿ ಮಹಾಭಾರತ ಕನ್ನಡ ಆಗಿ ಬಂತು, ಜೀ ಕನ್ನಡದಲ್ಲಿ ಅಂಬೇಡ್ಕರ್ ಅವ್ರ ‘ಮಹಾನಾಯಕ’ ಬಂತು. ಆ ಟೈಮಲ್ಲಿ ನಿಮ್ಮ ಮನೇಲಿ ಒಲೆ ಎಷ್ಟೊತ್ತಿಗೆ ಹಚ್ಚಿದ್ರಿ, ನೆನಪು ಮಾಡ್ಕಳಿ. ನಮ್ಮನೇಲಿ ದ್ರೌಪದಿ ವಸ್ತ್ರಾಪಹರಣದ ದಿನ ಹಾಲು ಉಕ್ಕಿ ಒಲೆ ಆರೋಗಿತ್ತು. ‘ಲೆಜೆಂಡ್ ಆಫ್ ಹನುಮಾನ್’ ಬೊಂಬೆ ಕಥೆನೂ ಕನ್ನಡದಾಗೆ ಸಿಗತದೆ. ಇರೋದನ್ನ ಹುಡುಕಿ ಹಾಕೊಡಕ್ಕೆ ನಮಗೆ ಬೇಜಾರು, ಅಳು ನಿಂತ್ರೆ ಸಾಕು ಅಂತ ಬಂದಿದ್ದ ಒತ್ತಿ ಕೊಟ್ಬುಡ್ತಿವಿ. ನಾನೂ ಕೊಟ್ಟಿವ್ನಿ, ಸುಳ್ಯಾಕೆ ಹೇಳ್ಲಿ.

ಇನ್ನು ಭಾನ್ವಾರದ ಕಥೆ ಪೂರ್ತಿ ಮಾಡ್ತಿನಿ.

ಪುಟ್ಟಿ ಸೆರಗು ಹಿಡ್ದು ನಿಂತಾಗ ನಾನು ಲಡ್ಡು ಕೊಡ್ಲಿಲ್ಲ. ಮೂರನ್ನೂ ಕರ್ದು ಹಜಾರದಾಗೆ ಕುಂಡ್ರಿಸಿ ಕೇಳ್ದೆ: “ಭೀಮ ಒಂದು ವರ್ಷ ಏನ್ ಕೆಲ್ಸ ಮಾಡ್ದ, ಗೊತ್ತೇನ್ರಲಾ?” ಗೊತ್ತಿರ್ಲಿಲ್ಲ. ವಿರಾಟರಾಯನ ಅರಮನೇಲಿ ವಲಲ ಅಂತ ಹೆಸ್ರಿಟ್ಕಂಡು ಅಡ್ಗೆ ಮಾಡ್ತಿದ್ದ ಕಣ್ರೋ ಅಂದೆ. ಹಗಲೆಲ್ಲ ಸೌಟು ಹಿಡೀತಿದ್ದಂವ, ದ್ರೌಪದಿಗೆ ಕಷ್ಟ ಬಂದಾಗ ರಾತ್ರೋರಾತ್ರಿ ಎದ್ದು ಹೋಗಿ ಕೀಚಕನ್ನ ಮುದ್ದೆ ಮಾಡ್ದ. ಬೆಂಗ್ಳೂರು ಹೈದ “ಇಲ್ಲ ಅಜ್ಜಿ, ಕೀಚಕ ಪೈಲ್ವಾನ್, ಕುಸ್ತಿ ಆಡ್ತನೆ” ಅಂತ ತನ್ನ ಕಾರ್ಟೂನಿನ ಕೀಚಕನ್ನ ತಂದ. “ನಿಂದು ಒಂದು ಕಥೆ, ನಂದು ಒಂದು ಕಥೆ. ಲಡ್ಡು ಬೇಕಾ ಬ್ಯಾಡ್ವಾ?” ಅಂದೆ. ಬೇಕು ಅಂದ. “ಹಂಗಾದ್ರೆ ವಲಲ ಆಗು.”

ಕಡ್ಲೆಬೀಜ ಹುರಿದು ಕೊಟ್ಟೆ. ಇಬ್ರೂ ಕುಂತು ಅಂಗೈಲಿ ಉಜ್ಜಿ ಸಿಪ್ಪೆ ಬಿಡಿಸಿದ್ರು, ಮೊರದಾಗೆ ಕೇರಕ್ಕೆ ಹೋಗಿ ಅರ್ಧ ಬೀಜ ನೆಲಕ್ಕೆ ಚೆಲ್ಲಿ ಕೋಳಿಗೆ ಹಬ್ಬ ಮಾಡಿದ್ರು. ಒರಳಿಗೆ ಹಾಕಿ, ಅಚ್ಚು ಬೆಲ್ಲ ಜಜ್ಜಿ ಸೇರ್ಸಿ, ಎಣ್ಣೆ ಬಿಡಗಂಟ ಕುಟ್ಟಿ ಅಂದೆ. ಮೈದುನನ ಮಗ ಹತ್ತು ಏಟಿಗೇ “ಕೈ ನೋಯ್ತದೆ ದೊಡ್ಡವ್ವ” ಅಂದ. ಸೂಪರ್ ಭೀಮ ಅಲ್ವೇನ್ಲಾ ನೀನು, ಕುಟ್ಟು ಅಂದೆ. ಉಂಡೆ ಕಟ್ಟಿದ್ರು, ಒಂದು ನಿಂಬೆಹಣ್ಣಿನಷ್ಟು, ಇನ್ನೊಂದು ತೆಂಗಿನಕಾಯಿ ಅಷ್ಟು.

ಪುಟ್ಟಿ ಅಷ್ಟೊತ್ತೂ ಜಗಲಿ ಕಂಬಕ್ಕೆ ಒರಗಿ, ಮಜ್ಜಿಗೆ ಕಡೆಯೋ ಕಡಗೋಲು ಹೆಗಲ ಮೇಲೆ ಮಡೀಕಂಡು ಕುಂತಿದ್ಲು. ಮೊದಲನೇ ಉಂಡೆ ಅವಳಿಗೆ ಹೋಯ್ತು. ತಿಂದ್ಲು, ಬಾಯಿ ಒರಸ್ಕಂಡ್ಲು, ಎದ್ದು ನಿಂತು “ಯಾರ್ಲಾ ಅದು ಕೀಚಕ?” ಅಂತ ಕೂಗಿದ್ಳು ನೋಡಿ, ಕೊಟ್ಟಿಗೇಲಿದ್ದ ಕರು ಹಗ್ಗ ಎಳೀತು.

ಇನ್ನೂ ಹದಿನಾರು ಉಂಡೆ ಮಿಕ್ಕವೆ, ಡಬ್ಬದಾಗೆ ಮಡಗಿವ್ನಿ. ಅಕ್ಕ, ಸಂಜೆ ಬನ್ನಿ. ಬಂದ್ರೆ ಡಬ್ಬ ನೀವೇ ಇಳಿಸ್ಕಬೇಕು, ಪುಟ್ಟಿ ತಂದುಕೊಡಲ್ಲ, ಅವಳು ಕೆರೆ ಏರಿ ತಾವ ಬಕಾಸುರನ್ನ ಹುಡುಕಕ್ಕೆ ಹೋಗವ್ಳೆ.